ತಡೆ ಮತ್ತು ತಡ: ‘ಲೆಟ್’ ಎಂಬ ಹಳೆಯ ಕ್ರಿಯಾಪದದ ವಿಚಾರ

ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿತು. ಅಂದಿನಿಂದ ಇಲ್ಲಿಯ ಸಭೆಗಳ ಆರಾಧನೆಯ ಭಾಷೆ ಕನ್ನಡವೇ. ಆದರೂ ಪ್ರಸಂಗವನ್ನು ಸಿದ್ಧಪಡಿಸುವಾಗ ನಮ್ಮಲ್ಲಿ ಅನೇಕರು 1611ರ ಇಂಗ್ಲಿಷ್ ಸತ್ಯವೇದವನ್ನೂ ತೆರೆದು ನೋಡುತ್ತೇವೆ. ಅಲ್ಲಿ ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರಿಕೆಯ 2:7ರಲ್ಲಿ ‘ಲೆಟ್’ ಎಂಬ ಕ್ರಿಯಾಪದವು ಎರಡು ಸಲ ಬರುತ್ತದೆ. ಅದನ್ನು ಇಂದಿನ ರೂಢಿಯಂತೆ ‘ಬಿಡು’ ಎಂದು ತಿಳಿದರೆ, ಅಧರ್ಮಕ್ಕೆ ಯಾರೋ ಎಡೆಗೊಡುತ್ತಿದ್ದಾರೆಂಬ ಅರ್ಥ ಹೊರಡುತ್ತದೆ. ಪೌಲನು ಹೇಳುವುದು ಇದಕ್ಕೆ ತೀರ ವಿರುದ್ಧವಾದುದು.

ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ‘ಕಟೆಖೊ’. ಹಿಡಿದು ನಿಲ್ಲಿಸು, ತಡೆ ಎಂಬುದು ಇಲ್ಲಿ ಅದರ ಅರ್ಥ. ರೋಮಾಪುರದವರಿಗೆ ಬರೆದ ಪತ್ರಿಕೆಯ 1:13ರಲ್ಲಿ ತನ್ನ ಪ್ರಯಾಣಕ್ಕೆ ಅಡ್ಡಿಯಾಯಿತೆಂದು ಅಪೊಸ್ತಲನು ತಿಳಿಸುವಲ್ಲಿಯೂ 1611ರ ಭಾಷಾಂತರಕಾರರು ‘ಲೆಟ್’ ಪದವನ್ನೇ ಬಳಸಿದರು. 1881ರ ಪರಿಷ್ಕೃತ ಹೊಸ ಒಡಂಬಡಿಕೆಯು ಎರಡೂ ಕಡೆ ಅದನ್ನು ಕೈಬಿಟ್ಟಿತು.

ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟನ್’, ‘ಲೆಟ್ಟನ್’ ಎಂಬ ಎರಡು ಕ್ರಿಯಾಪದಗಳಿದ್ದವು. ಮೊದಲನೆಯದಕ್ಕೆ ಬಿಡು ಎಂದೂ ಎರಡನೆಯದಕ್ಕೆ ಅಡ್ಡಿಪಡಿಸು ಎಂದೂ ಅರ್ಥ. ಶತಮಾನಗಳು ಕಳೆದಂತೆ ಎರಡರ ಉಚ್ಚಾರವೂ ಒಂದಾಯಿತು. ಒಂದೇ ರೂಪದಲ್ಲಿ ವಿರುದ್ಧಾರ್ಥಗಳು ಬಹುಕಾಲ ಬಾಳಲಾರದೆ ಎರಡನೆಯದು ಹಿಂದೆ ಸರಿಯಿತು. ಭಾರತದ ಪಾಸ್‌ಪೋರ್ಟಿನ ಇಂಗ್ಲಿಷ್ ಒಕ್ಕಣೆಯಲ್ಲಿ ಅಡ್ಡಿ ಎಂಬ ಅರ್ಥದ ‘ಲೆಟ್’ ಇಂದಿಗೂ ಉಳಿದಿದೆ.

‘ಲೆಟ್ಟನ್’ ಪದವು ಇಂದಿನ ‘ಲೇಟ್’ ಪದಕ್ಕೆ ಸಂಬಂಧಿ. ತಡಮಾಡಿಸು ಎಂಬುದು ಅದರ ಮೂಲಾರ್ಥ. ಕನ್ನಡದ ‘ತಡ’ ಮತ್ತು ‘ತಡೆ’ಗಳೂ ಹೀಗೆಯೇ ಒಂದೇ ಬೇರಿನ ಕುಡಿಗಳು. ಧಾರವಾಡದ ಮಾತಿನಲ್ಲಿ ‘ತಡೀರಿ’ ಎಂದರೆ ‘ಸ್ವಲ್ಪ ನಿಲ್ಲಿರಿ’ ಎಂದೇ ಅರ್ಥವಲ್ಲವೇ?

ಇಂಗ್ಲಿಷ್ ಪದದ ವ್ಯುತ್ಪತ್ತಿಯಿಂದ ಗ್ರೀಕ್ ಪದದ ಅರ್ಥವು ನಿರ್ಣಯವಾಗದು, ನಿಜ. ಆದರೆ ಅವನು ತನ್ನ ಸಮಯದಲ್ಲಿಯೇ ಪ್ರಕಟವಾಗುವನೆಂದು ಪೌಲನು 6ನೆಯ ವಚನದಲ್ಲಿ ಹೇಳುವುದರಿಂದ ಕಾಲದ ವಿಚಾರವು ಮೂಲದಲ್ಲಿಯೇ ಇದೆ. ತಡೆಯುವವನು ಯಾರು? ತೆರ್ತುಲ್ಲಿಯನನೂ ಕ್ರಿಸೊಸ್ತೊಮನೂ ಅದನ್ನು ರೋಮ್ ಸಾಮ್ರಾಜ್ಯವೆಂದು ತಿಳಿದರು. ಚರ್ಚೆ ಇನ್ನೂ ಮುಗಿದಿಲ್ಲ. ತಡೆ ಇದೆಯೆಂಬುದಂತೂ ಸ್ಪಷ್ಟ. ಪೇತ್ರನ ಎರಡನೆಯ ಪತ್ರಿಕೆಯ 3:9 ಇಂಥ ತಡವನ್ನು ಕರ್ತನ ದೀರ್ಘಶಾಂತಿಯೆಂದು ಕರೆದು, ಮಾನಸಾಂತರಕ್ಕೆ ಕೊಟ್ಟ ಅವಕಾಶವೆಂದು ವಿವರಿಸುತ್ತದೆ.

ದುಷ್ಟತನವನ್ನು ದೇವರು ಏಕೆ ಬಿಟ್ಟುಕೊಟ್ಟಿದ್ದಾನೆಂದು ನೊಂದ ವಿಶ್ವಾಸಿಯು ಕೇಳುವಾಗ ನಾವು ಈ ವಚನವನ್ನು ತೆರೆಯುವುದುಂಟು. ಆಗ ‘ಬಿಡು’ ಎಂದು ಓದುವವನು ಆತನ ದುಃಖವನ್ನು ಹೆಚ್ಚಿಸುವನು; ‘ತಡೆ’ ಎಂದು ಓದುವವನು ವಚನದಲ್ಲಿರುವ ಸಾಂತ್ವನವನ್ನೇ ಆತನಿಗೆ ತಲುಪಿಸುವನು.