ಜಿಲ್ಲಾ ಪರಿಷತ್ತಿನ ಮೆಂಬರು ಮತ್ತು ನಮ್ಮ ಕೆಂಗೇರಿ ಹೋಬಳಿ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಷೇರು, ಸಾಲ, ಠೇವಣಿಗಳ ಲೆಕ್ಕದ ಜೊತೆಗೆ ಊರಿನ ಇನ್ನೊಂದು ಲೆಕ್ಕವನ್ನೂ ಬರೆದಿಡುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ. 'ಜಿಲ್ಲಾ ಪರಿಷತ್ತಿನ ಮೆಂಬರು ಅಂದ್ರೆ ಏನು ಕೆಲಸ?' ಎಂದು ನಮ್ಮ ಹುಡುಗರು ಕೇಳುವ ಕಾಲ ಬಂದಿದೆ. ಅವರಿಗಾಗಿ ಈ ನಾಲ್ಕು ಮಾತು.

ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾಯಿದೆಯನ್ನು ತಂದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು ಇವರೇ. ಈ ಕಾಯಿದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸುಮಾರು 28,000 ಜನಕ್ಕೆ ಒಬ್ಬ ಜಿಲ್ಲಾ ಪರಿಷತ್ ಸದಸ್ಯ. ಮಹಿಳೆಯರಿಗೆ ನೂರಕ್ಕೆ 25 ಸ್ಥಾನ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ದೊಡ್ಡ ಐಎಎಸ್ ಅಧಿಕಾರಿಯೇ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ!

ಇದರಿಂದ ಆದದ್ದೇನು? ಅಲ್ಲಿಯವರೆಗೆ ಶಾಲೆಯ ಹೆಂಚು ಹಾರಿಹೋದರೂ, ಬೋರಿನ ಹಿಡಿ ಮುರಿದರೂ ಅರ್ಜಿ ಹಿಡ್ಕೊಂಡು ಕಚೇರಿ ಕಚೇರಿ ಅಲೆಯಬೇಕಿತ್ತು. ಈಗ ಕೇಳೋದಕ್ಕೆ ನಮ್ಮವರೇ ಒಬ್ಬರು ಸಿಕ್ಕಿದರು. ಶಾಲೆ, ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ರಸ್ತೆ, ಕುಡಿಯುವ ನೀರು, ಎಲ್ಲದರ ಹಣವೂ ಪರಿಷತ್ತಿನ ಸಭೆಯ ಮುಂದೆ ಬರುತ್ತಿತ್ತು. ಮೇಷ್ಟ್ರು, ಡಾಕ್ಟರು ಹೊತ್ತಿಗೆ ಸರಿಯಾಗಿ ಬರುವುದು ಹೆಚ್ಚಿತೆಂದು ಆ ಕಾಲವನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಆದರೆ ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು.

ಸಂವಿಧಾನದ 73ನೇ ತಿದ್ದುಪಡಿಯ ನಂತರ, 1993ರ ಹೊಸ ಕಾಯಿದೆಯಲ್ಲಿ ಪರಿಷತ್ತು 'ಜಿಲ್ಲಾ ಪಂಚಾಯಿತಿ' ಆಯಿತು. ಮಹಿಳೆಯರ ಪಾಲು ಮೂರನೇ ಒಂದಕ್ಕೇರಿತು.

ನಮ್ಮ ಕಡೆಯ ಕಥೆ ಇನ್ನೂ ಬೇರೆ. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾದಾಗ ನಮ್ಮ ದಕ್ಷಿಣ ತಾಲ್ಲೂಕು ನಗರ ಜಿಲ್ಲೆಗೆ ಸೇರಿತು. ರಾಜಾಜಿನಗರ, ವಿಜಯನಗರದ ಕಡೆಯಿಂದ ಊರು ಬೆಳೆಯುತ್ತಾ ಬಂತು. 2007ರಲ್ಲಿ ಕೆಂಗೇರಿ ಪುರಸಭೆ, ಏಳು ನಗರಸಭೆಗಳು ಹಾಗೂ 110 ಹಳ್ಳಿಗಳು ಬೃಹತ್ ಮಹಾನಗರ ಪಾಲಿಕೆಯೊಳಗೆ ಹೋದವು. ಉಳ್ಳಾಲು, ಹೆಮ್ಮಿಗೆಪುರದವರಿಗೆ ಜಿಲ್ಲಾ ಪಂಚಾಯಿತಿ ಸದಸ್ಯರು ಹೋಗಿ ಕಾರ್ಪೊರೇಟರ್ ಬಂದರು. ರಾಮೋಹಳ್ಳಿ, ಸೂಲಿಕೆರೆ ಪಂಚಾಯಿತಿಯಲ್ಲೇ ಉಳಿದವು. ಮುಂದೆ 2020ರಲ್ಲಿ ಪಾಲಿಕೆಯ, 2021ರಲ್ಲಿ ಜಿಲ್ಲಾ ಪಂಚಾಯಿತಿಯ ಅವಧಿ ಮುಗಿದು, ಚುನಾವಣೆಯಿಲ್ಲದೆ ವರ್ಷಗಳೇ ಉರುಳಿದವು. ಆ ವರ್ಷಗಳಲ್ಲಿ ಬೀದಿ ದೀಪಕ್ಕೂ, ಚರಂಡಿಗೂ ನಮ್ಮವರೆಂದು ಯಾರನ್ನು ಕೇಳೋಣ?

ಸದಸ್ಯರೆಲ್ಲರೂ ಒಳ್ಳೆಯವರೇ ಆಗಿದ್ದರೆಂದು ನಾವು ಹೇಳುತ್ತಿಲ್ಲ. ಕೆಲಸ ಮಾಡದವರನ್ನು ಮುಂದಿನ ಸಲ ಮನೆಗೆ ಕಳಿಸುವ ಹಕ್ಕು ನಮ್ಮದಿತ್ತು, ಅದೇ ದೊಡ್ಡದು. ನಮ್ಮ ಸಂಘದಲ್ಲಿ ಆ ಹಕ್ಕು ಇಂದಿಗೂ ಇದೆ: ಹತ್ತು ಷೇರಿನವರಿಗೂ ಒಂದೇ ಓಟು, ಒಂದು ಷೇರಿನವರಿಗೂ ಒಂದೇ ಓಟು. ವಾರ್ಷಿಕ ಮಹಾಸಭೆಗೆ ತಪ್ಪದೆ ಬನ್ನಿ, ಲೆಕ್ಕ ಕೇಳಿ. ಇಲ್ಲಿ ಕೇಳಿ ಅಭ್ಯಾಸವಾದವರು ನಾಳೆ ಜಿಲ್ಲೆಯಲ್ಲೂ, ಪಾಲಿಕೆಯಲ್ಲೂ ಕೇಳಿಯಾರು.