ಕಾರ್ಟೂನ್ ಅಂದಮಾತ್ರಕ್ಕೆ ಪುಟ್ಟ ಮಕ್ಕಳ ಸಿನಿಮಾ ಆಗುತ್ತದೆಯೇ?

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ "ಕ್ರಿಸ್‌ಮಸ್ ರಜೆಗೆ ಮಕ್ಕಳಿಗೆ ತೋರಿಸಲೇಬೇಕಾದ ಅನಿಮೇಷನ್ ಸಿನಿಮಾಗಳು" ಎಂಬಂಥ ಪಟ್ಟಿಗಳು ಓಡಾಡುತ್ತವೆ. ಅವುಗಳಲ್ಲಿ ಸಿನಿಮಾದ ಹೆಸರಿರುತ್ತದೆ, ಎಷ್ಟು ವಯಸ್ಸಿನ ಮಗುವಿಗೆ ಎಂಬುದು ಮಾತ್ರ ಇರುವುದಿಲ್ಲ. ಮೂರು ವರ್ಷದ ಮಗುವನ್ನು ಟಿವಿ ಮುಂದೆ ಕೂರಿಸುವ ಮೊದಲು ಈ ವಿಷಯಗಳು ಗೊತ್ತಿರಲಿ.

ಹೇಳಿಕೆ: ಕಾರ್ಟೂನ್ ಸಿನಿಮಾವನ್ನು ಯಾವ ವಯಸ್ಸಿನ ಮಗುವಿಗಾದರೂ ತೋರಿಸಬಹುದು.

ವಾಸ್ತವ: ಇದು ನಿಜವಲ್ಲ. ಅನಿಮೇಷನ್ ಎನ್ನುವುದು ಸಿನಿಮಾ ತಯಾರಿಸುವ ಒಂದು ವಿಧಾನ. ಅದರಲ್ಲಿ ಹಾಸ್ಯವನ್ನೂ ಹೇಳಬಹುದು, ಭೂತದ ಕಥೆಯನ್ನೂ ಹೇಳಬಹುದು.

ಮೂರು ಸಿನಿಮಾ, ಮೂರು ಬಗೆ

ರಜೆಯ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಮೂರು ಇಂಗ್ಲಿಷ್ ಸಿನಿಮಾಗಳನ್ನೇ ನೋಡೋಣ.

'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' (1993): ಗೊಂಬೆಗಳನ್ನು ಚೂರುಚೂರೇ ಸರಿಸಿ ಚಿತ್ರೀಕರಿಸಿದ ಸಿನಿಮಾ. ಇದರ ನಾಯಕ ಒಂದು ಅಸ್ಥಿಪಂಜರ. ಸಾಂತಾನನ್ನು ಅಪಹರಿಸುತ್ತಾರೆ, ಒಂದು ಮಗುವಿನ ಉಡುಗೊರೆ ಪೆಟ್ಟಿಗೆಯಲ್ಲಿ ಕುಗ್ಗಿಸಿದ ತಲೆ ಸಿಗುತ್ತದೆ, ಹಾವೊಂದು ಕ್ರಿಸ್‌ಮಸ್ ಮರವನ್ನೇ ನುಂಗುತ್ತದೆ. ಚಿಕ್ಕ ಮಕ್ಕಳಿಗೆ ಇದು ಭಯಂಕರವಾದೀತೆಂದು ಡಿಸ್ನಿ ಸಂಸ್ಥೆ ಮೊದಲು ಇದನ್ನು ತನ್ನ ಹೆಸರಿನಲ್ಲಿ ಬಿಡುಗಡೆ ಮಾಡದೆ ಟಚ್‌ಸ್ಟೋನ್ ಹೆಸರಿನಲ್ಲಿ ಬಿಡುಗಡೆ ಮಾಡಿತ್ತು.

'ದಿ ಪೋಲಾರ್ ಎಕ್ಸ್‌ಪ್ರೆಸ್' (2004): ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು 'ಜಿ', ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು. ಆದರೂ ಇದರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ರೈಲು ಜಾರುತ್ತದೆ, ಮಂಜುಗಡ್ಡೆ ಬಿರಿಯುತ್ತದೆ. ಹಳೆಯ ಗೊಂಬೆಗಳು ತುಂಬಿದ ಕತ್ತಲೆ ಬೋಗಿಯಲ್ಲಿ ಸೂತ್ರದ ಗೊಂಬೆಯೊಂದು ಹುಡುಗನ ಮೇಲೆರಗುತ್ತದೆ.

'ಕ್ಲಾಸ್' (2019): ಅಮೆರಿಕದಲ್ಲಿ ಇದಕ್ಕೆ 'ಪಿಜಿ', ಅಂದರೆ ಪೋಷಕರ ಮಾರ್ಗದರ್ಶನ ಇರಲಿ ಎಂಬ ಸೂಚನೆ. ಚಿತ್ರಗಳು ಬಹುಪಾಲು ಬೆಚ್ಚಗಿವೆ. ಆದರೆ ಕಥೆಯ ಒಡಲಲ್ಲಿ ಹೆಂಡತಿಯನ್ನು ಕಳೆದುಕೊಂಡವನ ದುಃಖವಿದೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಿಗೆ ಇದು ಬೇರೆಯೇ ರೀತಿಯಲ್ಲಿ ನಾಟಬಹುದು.

ಸಾವಿನ ವಿಷಯ ಬಂದಾಗ ಒಂದು ಅಧ್ಯಯನ ನೆನಪಾಗುತ್ತದೆ. 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅದು 45 ಜನಪ್ರಿಯ ಮಕ್ಕಳ ಅನಿಮೇಷನ್ ಸಿನಿಮಾಗಳನ್ನು ದೊಡ್ಡವರ 90 ಸಿನಿಮಾಗಳ ಜೊತೆ ಹೋಲಿಸಿತು. ಮುಖ್ಯ ಪಾತ್ರಗಳು ಸಾಯುವ ಸಂಭವ ಅನಿಮೇಷನ್‌ನಲ್ಲೇ ಸುಮಾರು 2.5 ಪಟ್ಟು ಹೆಚ್ಚಿತ್ತು.

ಸರ್ಟಿಫಿಕೇಟ್ ಎಷ್ಟು ಹೇಳುತ್ತದೆ?

ಭಾರತದಲ್ಲಿ 'ಯು' ಎಂದರೆ ಎಲ್ಲರೂ ನೋಡಬಹುದು. 2023ರ ಕಾಯ್ದೆ ತಿದ್ದುಪಡಿಯ ನಂತರ 'ಯುಎ' ಗುಂಪನ್ನು 7+, 13+, 16+ ಎಂದು ಮೂರು ಭಾಗ ಮಾಡಲಾಗಿದೆ. ಇವು ಪೋಷಕರಿಗೆ ನೀಡುವ ಸೂಚನೆಗಳಷ್ಟೇ. 'ಯುಎ 7+' ಚಿತ್ರಕ್ಕೆ ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಹೋದರೆ ಚಿತ್ರಮಂದಿರದವರು ತಡೆಯಬೇಕೆಂದಿಲ್ಲ, ನಿರ್ಧಾರ ನಿಮ್ಮದೇ. ಒಟಿಟಿಗೂ 2021ರ ನಿಯಮಗಳಡಿ ಇದೇ ಬಗೆಯ ವರ್ಗೀಕರಣವಿದೆ. ವಯಸ್ಸಿನ ಗುರುತಿನ ಜೊತೆಗೆ ಹಿಂಸೆ, ಭಯ ಮುಂತಾದ ಅಂಶಗಳ ಚಿಕ್ಕ ವಿವರಣೆಯೂ ಇರುತ್ತದೆ. ಅದನ್ನು ಓದಿ.

'ಯು' ಎಂದರೆ ಆಕ್ಷೇಪಾರ್ಹವಾದದ್ದು ಇಲ್ಲ ಎಂದರ್ಥ. ನಿಮ್ಮ ಮಗು ಹೆದರುವುದಿಲ್ಲ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ.

ಮಗು ಯಾವುದಕ್ಕೆ ಹೆದರುತ್ತದೆ?

ಸುಮಾರು ಏಳು ವರ್ಷದವರೆಗಿನ ಮಕ್ಕಳು ಹೆಚ್ಚಾಗಿ ಕಣ್ಣಿಗೆ ಕಾಣುವುದಕ್ಕೆ, ಕಿವಿಗೆ ಬೀಳುವುದಕ್ಕೆ ಹೆದರುತ್ತಾರೆ. ವಿಕಾರ ಮುಖ, ಏಕಾಏಕಿ ಆಗುವ ರೂಪ ಬದಲಾವಣೆ, ಕತ್ತಲೆ, ಜೋರು ಸದ್ದು ಇವೆಲ್ಲ ಅದಕ್ಕೆ ಸೇರುತ್ತವೆ. ಪಾತ್ರ ಒಳ್ಳೆಯದಾದರೂ ರೂಪ ಭಯಂಕರವಾಗಿದ್ದರೆ ಮಗು ನಡುಗಬಹುದು. ದೊಡ್ಡ ಮಕ್ಕಳಿಗೆ ನಿಜವಾಗಿಯೂ ನಡೆಯಬಹುದಾದ ಕಳ್ಳತನ, ಅಪಹರಣ, ಅಪ್ಪ ಅಮ್ಮನ ಸಾವಿನಂಥ ಸಂಗತಿಗಳು ಹೆಚ್ಚು ಕಾಡುತ್ತವೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷ್ ಬಾರದ ಮಗುವಿಗೆ "ಹೆದರಬೇಡ, ನಾನಿದ್ದೇನೆ" ಎಂಬ ಪಾತ್ರದ ಮಾತು ತಲುಪುವುದಿಲ್ಲ. ಅದಕ್ಕೆ ಉಳಿಯುವುದು ಚಿತ್ರ ಮತ್ತು ಹಿನ್ನೆಲೆ ಸದ್ದು ಮಾತ್ರ. ಹಾಗಾಗಿ ಕಥೆಯನ್ನು ಮೊದಲೇ ಕನ್ನಡದಲ್ಲಿ ಹೇಳಿ, ಕೊನೆಗೆ ಎಲ್ಲ ಸರಿಹೋಗುತ್ತದೆ ಎಂಬುದನ್ನೂ ಸೇರಿಸಿ. ಸಸ್ಪೆನ್ಸ್ ಹಾಳಾದರೂ ಪರವಾಗಿಲ್ಲ.

ತೋರಿಸುವ ಮೊದಲು ಏನು ಮಾಡಬೇಕು?

1. ಟ್ರೇಲರ್ ಒಂದನ್ನೇ ನಂಬಬೇಡಿ. ಅದರಲ್ಲಿ ನಗುವ ದೃಶ್ಯಗಳೇ ಹೆಚ್ಚಿರಬಹುದು. ಸಾಧ್ಯವಾದರೆ ಇಡೀ ಸಿನಿಮಾವನ್ನು, ಇಲ್ಲವಾದರೆ ಕೊನೆಯ ಅರ್ಧ ಗಂಟೆಯನ್ನು ನೀವೇ ನೋಡಿ. ಖಳನ ಅಬ್ಬರ ಹೆಚ್ಚಾಗಿ ಅಲ್ಲೇ ಇರುತ್ತದೆ.

2. ಒಮ್ಮೆ ಸದ್ದು ನಿಲ್ಲಿಸಿ ಚಿತ್ರವನ್ನಷ್ಟೇ ನೋಡಿ. ಮಾತು ಅರ್ಥವಾಗದ ಮಗುವಿಗೆ ಕಾಣುವುದು ಅದೇ.

3. ಅವಧಿ ಗಮನಿಸಿ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಕೂತು ನೋಡುವ ಸ್ಕ್ರೀನ್ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. 2 ವರ್ಷದೊಳಗಿನವರಿಗೆ ಸ್ಕ್ರೀನ್ ಬೇಡ ಎನ್ನುತ್ತದೆ. ಒಂದೂವರೆ ಗಂಟೆಯ ಸಿನಿಮಾವನ್ನು ಎರಡು ಮೂರು ದಿನಕ್ಕೆ ಹಂಚಿ.

4. ಮೊದಲ ಸಲ ಮನೆಯಲ್ಲೇ, ಹಗಲಲ್ಲಿ, ದೀಪ ಹಾಕಿ, ಪಕ್ಕದಲ್ಲಿ ಕೂತು ತೋರಿಸಿ. ಚಿತ್ರಮಂದಿರದ ಕತ್ತಲೆ ಮತ್ತು ಸದ್ದೇ ಕೆಲವು ಮಕ್ಕಳಿಗೆ ಹೆಚ್ಚಾಗುತ್ತದೆ.

ಹೆದರಿಬಿಟ್ಟರೆ?

"ಅಯ್ಯೋ, ಅದು ಸುಳ್ಳು ಕಣೋ" ಎಂದರೆ ಎಂಟು ಒಂಬತ್ತು ವರ್ಷದ ಮಗುವಿಗೆ ಸಮಾಧಾನವಾಗಬಹುದು. ಮೂರು ನಾಲ್ಕು ವರ್ಷದ ಮಗುವಿಗೆ ಆ ತರ್ಕ ಸಾಲದು. ಟಿವಿ ಆರಿಸಿ, ತೊಡೆಯ ಮೇಲೆ ಕೂರಿಸಿಕೊಳ್ಳಿ, ನೀರು ಕುಡಿಸಿ, ಇಷ್ಟದ ಆಟಿಕೆ ಕೈಗೆ ಕೊಡಿ. "ಇಷ್ಟು ದೊಡ್ಡವನಾಗಿ ಹೆದರ್ತೀಯಾ?" ಎಂದು ಎಲ್ಲರ ಮುಂದೆ ನಗಬೇಡಿ. ಹಾಗೆ ನಕ್ಕರೆ ಮುಂದಿನ ಸಲ ಮಗು ಹೆದರಿಕೆಯನ್ನು ಹೇಳದೆ ಮುಚ್ಚಿಡಬಹುದು. ನಿದ್ದೆಗೆಡುವುದು, ಒಬ್ಬನೇ ಬಚ್ಚಲಿಗೂ ಹೋಗಲಾರದಂತಾಗುವುದು ವಾರಗಟ್ಟಲೆ ಮುಂದುವರಿದರೆ ಮಕ್ಕಳ ವೈದ್ಯರ ಜೊತೆ ಮಾತಾಡಿ.

ಫಾರ್ವರ್ಡ್ ಮಾಡುವ ಮುನ್ನ

ನೀವು ನೋಡಿದ ಸಿನಿಮಾವನ್ನು ಗುಂಪಿನಲ್ಲಿ ಹಂಚುವಾಗ ಎರಡು ಸಾಲು ಸೇರಿಸಿ: ನಿಮ್ಮ ಮಗುವಿನ ವಯಸ್ಸೆಷ್ಟು, ಯಾವ ದೃಶ್ಯಕ್ಕೆ ಹೆದರಿತು. ಇನ್ನೊಂದು ಮನೆಯ ಪುಟ್ಟ ಮಗುವಿನ ರಾತ್ರಿ ನಿದ್ದೆ ಆ ಎರಡು ಸಾಲಿನಿಂದ ಉಳಿಯಬಹುದು.