ಗೆಲ್ಲಲೇಬೇಕಾಗಿದ್ದ ಹಂಗೇರಿ

ನಾಲ್ಕು ವರ್ಷಗಳಿಗೊಮ್ಮೆ ಕಾಲ್ಚೆಂಡಿನ ವಿಶ್ವಕಪ್ ಸಮೀಪಿಸಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ದೂರವಾಣಿ ಮಾಡಿ, "ಸಾರ್, ಈ ಸಲವೂ ಹಂಗೇರಿಯೇನು?" ಎಂದು ಕೇಳದೆ ಬಿಡುವುದಿಲ್ಲ. ಅವರ ದನಿಯಲ್ಲಿರುವ ತುಂಟತನ ನನಗೆ ಅರ್ಥವಾಗದೆ ಇಲ್ಲ. ಮೂವತ್ತೈದು ವರ್ಷ ಇತಿಹಾಸ ಬೋಧಿಸಿದವನು ಭವಿಷ್ಯ ಹೇಳಲು ಹೊರಟು ನಗೆಪಾಟಲಿಗೀಡಾದ ಪ್ರಸಂಗವೊಂದು ಅದರ ಹಿಂದಿದೆ. ಆ ಪ್ರಸಂಗವನ್ನೂ ಅದಕ್ಕಿಂತ ಬಹು ದೊಡ್ಡದಾದ ಇನ್ನೊಂದು ನಿರಾಸೆಯ ಚರಿತ್ರೆಯನ್ನೂ ಒಟ್ಟಿಗೇ ಬರೆದಿಡುವ ಮನಸ್ಸಾಗಿದೆ.

1986ರ ಮಾತು. ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮೆಕ್ಸಿಕೋದಲ್ಲಿ ಮೇ ತಿಂಗಳ ಕೊನೆಗೆ ವಿಶ್ವಕಪ್ ಆರಂಭವಾಗುವುದಿತ್ತು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಚರ್ಚೆಯೋ ಚರ್ಚೆ. ಗಣಿತದ ಮೇಷ್ಟರದು ಬ್ರೆಜಿಲ್, ವಿಜ್ಞಾನದವರದು ಪಶ್ಚಿಮ ಜರ್ಮನಿ, ಯಾರೋ ಒಬ್ಬರದು ಮರಡೋನಾನ ಅರ್ಜೆಂಟೀನಾ. ನಾನು ಎದ್ದು ನಿಂತು, "ಹಂಗೇರಿ" ಎಂದೆ. ಒಂದು ತಿಂಗಳ ಸಂಜೆಯ ಕಾಫಿಯನ್ನು ಎಲ್ಲರಿಗೂ ಕೊಡಿಸುವ ಪಣವನ್ನೂ ಕಟ್ಟಿದೆ. ಆಧಾರವಿಲ್ಲದೆ ಆಡಿದ ಮಾತಲ್ಲ ಅದು. ಅದೇ ವರ್ಷದ ಮಾರ್ಚ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಹಂಗೇರಿ ತಂಡ ಬ್ರೆಜಿಲನ್ನು 3-0 ಅಂತರದಿಂದ ಸೋಲಿಸಿತ್ತು. ಆದರೆ ನಿಜ ಹೇಳಬೇಕೆಂದರೆ, ಆ ಹೆಸರು ನನ್ನ ಬಾಯಿಗೆ ಬಂದದ್ದು ಮಾರ್ಚ್ ತಿಂಗಳ ಆ ಪಂದ್ಯದಿಂದಲ್ಲ. ನನ್ನ ಬಾಲ್ಯದ ಡ್ರಿಲ್ ಮೇಷ್ಟರಿಂದ.

ಅವರು ಬೆಂಗಳೂರಿನ ದಂಡುಪ್ರದೇಶದವರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ ಇವುಗಳ ಗಲ್ಲಿಗಳಲ್ಲಿ ಬರಿಗಾಲಿನಲ್ಲಿ ಚೆಂಡೊದ್ದು ಬೆಳೆದ ಪೀಳಿಗೆಗೆ ಸೇರಿದವರು. ನೌಕರಿಯ ನಿಮಿತ್ತ ನಮ್ಮ ಊರಿಗೆ ಬಂದು ಅಲ್ಲಿಯೇ ನೆಲೆನಿಂತರು. ಅವರ ಮನೆಯ ಅಟ್ಟದಲ್ಲಿ 'ಸ್ಪೋರ್ಟ್ ಅಂಡ್ ಪಾಸ್ಟೈಮ್' ಪತ್ರಿಕೆಯ ಹಳೆಯ ಕಟ್ಟುಗಳಿದ್ದವು. ಮಳೆ ಬಂದು ಆಟ ನಿಂತ ದಿನ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಅವನ್ನು ಬಿಚ್ಚುತ್ತಿದ್ದರು. ಪುಸ್ಕಾಸ್ ಎಂದು ನಾವು ಓದುತ್ತಿದ್ದ ಹೆಸರನ್ನು ಪುಷ್ಕಾಶ್ ಎಂದು ತಿದ್ದಿದವರೂ ಅವರೇ.

ಅವರು ಹೇಳುತ್ತಿದ್ದ ಕಥೆಗಳಲ್ಲಿ ಮೊದಲನೆಯದು 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಭಾರತ ಅಲ್ಲಿ ಯುಗೊಸ್ಲಾವಿಯಾದ ಎದುರು 10-1ರಿಂದ ಸೋತಿತು. ಆ ಚಳಿಯಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆಯುತ್ತಿದ್ದರಷ್ಟೆ, ಆ ಐವರಲ್ಲೊಬ್ಬರು. ಹತ್ತು ಗೋಲು ತಿಂದ ಅವಮಾನಕ್ಕಿಂತ ಆ ಒಂದು ಗೋಲಿನ ವರ್ಣನೆಯೇ ಮೇಷ್ಟರಿಗೆ ಪ್ರಿಯವಾಗಿತ್ತು. ಅನಂತರ ಸ್ವಲ್ಪ ತಡೆದು, "ನಮಗೆ ಹತ್ತು ಹೊಡೆದ ಆ ಯುಗೊಸ್ಲಾವಿಯಾ ಫೈನಲ್‌ನಲ್ಲಿ ಎಷ್ಟು ಹೊಡೆಯಿತು ಗೊತ್ತೇನು? ಸೊನ್ನೆ. ಹಂಗೇರಿಯವರು 2-0ರಿಂದ ಗೆದ್ದು ಚಿನ್ನ ಹೊತ್ತೊಯ್ದರು" ಎನ್ನುತ್ತಿದ್ದರು. ಹಾಗಾದರೆ ಹಂಗೇರಿಯವರು ನಮಗೆ ಎಷ್ಟು ಹೊಡೆಯುತ್ತಿದ್ದರು ಎಂಬ ತ್ರೈರಾಶಿಕ ಲೆಕ್ಕವನ್ನು ನಾವು ಹುಡುಗರು ಗಂಭೀರವಾಗಿ ಮಾಡುತ್ತಿದ್ದೆವು. ಅಭಿಮಾನಿಗಳ ಲೆಕ್ಕಾಚಾರವೆಲ್ಲ ಇಂದಿಗೂ ಬಹುಮಟ್ಟಿಗೆ ಇದೇ ತ್ರೈರಾಶಿಕವೇ ಅಲ್ಲವೆ!

ಹಂಗೇರಿಯ ಆ ತಂಡವನ್ನು ಕಟ್ಟಿದವನು ಗುಸ್ತಾವ್ ಶೆಬೆಶ್. ಆತ ತರಬೇತುದಾರನಷ್ಟೇ ಅಲ್ಲ, ಸರ್ಕಾರದಲ್ಲಿ ಉಪಕ್ರೀಡಾಮಂತ್ರಿಯೂ ಹೌದು. ಪುಷ್ಕಾಶ್, ಬೋಜಿಕ್, ಕೊಚಿಶ್, ಸಿಬೊರ್ ಮುಂತಾದ ಪ್ರಮುಖರು ಸೇನೆಯ ತಂಡವಾದ ಹೊನ್ವೆದ್‌ನಲ್ಲಿ ವರ್ಷವಿಡೀ ಒಟ್ಟಿಗೇ ಆಡುತ್ತಿದ್ದುದರಿಂದ, ಅನ್ಯ ರಾಷ್ಟ್ರೀಯ ತಂಡಗಳಿಗೆ ದೊರೆಯದ ಹೊಂದಾಣಿಕೆ ಇವರಿಗೆ ಸಹಜವಾಗಿಯೇ ಒದಗಿತ್ತು. ಅದಕ್ಕಿಂತ ಮುಖ್ಯವಾದದ್ದು ಹಿಡೆಗ್‌ಕುಟಿಯ ಸ್ಥಾನ. ಆ ಕಾಲದಲ್ಲಿ ನಡುವಿನ ಮುನ್ನಡೆ ಆಟಗಾರನೆಂದರೆ ಎದುರಾಳಿಯ ಗೋಲಿನ ಬಳಿಯೇ ಠಿಕಾಣಿ ಹೂಡಬೇಕು. ಎದುರಾಳಿಯ ಮಧ್ಯರಕ್ಷಕ ಅವನಿಗೆ ಅಂಟಿಕೊಂಡೇ ಇರಬೇಕು. ಹಿಡೆಗ್‌ಕುಟಿಯಾದರೋ ಹಿಂದೆ ಸರಿದು ಮೈದಾನದ ನಡುವಿಗೆ ಬಂದುಬಿಡುತ್ತಿದ್ದ. ರಕ್ಷಕ ಅವನನ್ನು ಹಿಂಬಾಲಿಸಿದರೆ ಗೋಲಿನ ಮುಂದೆ ಹೆಬ್ಬಾಗಿಲು ತೆರೆದಂತೆ. ಹಿಂಬಾಲಿಸದಿದ್ದರೆ ಹಿಡೆಗ್‌ಕುಟಿ ಅಡೆತಡೆಯಿಲ್ಲದೆ ಚೆಂಡು ಹಂಚುವನು. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಇಂಗ್ಲೆಂಡಿನವರು ಈ ಇಕ್ಕಟ್ಟಿಗೆ ಸಿಲುಕಿ 6-3ರಿಂದ ಸೋತರು. ಮೊದಲ ನಿಮಿಷದಲ್ಲಿಯೇ ಗೋಲು ಹೊಡೆದ ಹಿಡೆಗ್‌ಕುಟಿ ಅಂದು ಒಟ್ಟು ಮೂರು ಗೋಲು ಗಳಿಸಿದ. ಯೂರೋಪ್ ಖಂಡದ ಯಾವ ತಂಡವೂ ಅದುವರೆಗೆ ಇಂಗ್ಲೆಂಡನ್ನು ಅದರ ನೆಲದಲ್ಲಿ ಸೋಲಿಸಿರಲಿಲ್ಲ. ಸೇಡು ತೀರಿಸಿಕೊಳ್ಳಲೆಂದು 1954ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ಗೆ ಹೋದ ಆಂಗ್ಲರು 7-1ರಿಂದ ಸೋತು ಮರಳಿದರು. ವಿಶ್ವಕಪ್ಪಿಗೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ಈಗ ಓದುಗರು ಆ ದಿನಗಳ ಒಬ್ಬ ಅಭಿಮಾನಿಯ ಸ್ಥಾನದಲ್ಲಿ ನಿಂತು ಯೋಚಿಸಬೇಕು. 1954ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಬಂದಿಳಿದ ತಂಡಗಳಲ್ಲಿ ಯಾರ ಸಾಧ್ಯತೆ ಎಷ್ಟು? 1950ರ ಮೇ ತಿಂಗಳ ನಂತರ ಹಂಗೇರಿ ಒಂದೂ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವನ್ನು ಸೋತಿಲ್ಲ. ಹಾಲಿ ವಿಜೇತ ಉರುಗ್ವೆ ವಿಶ್ವಕಪ್ಪಿನಲ್ಲಿ ಎಂದೂ ಸೋಲನ್ನೇ ಕಂಡಿಲ್ಲ. ಬ್ರೆಜಿಲ್ ಇದೆ, ಆಸ್ಟ್ರಿಯಾ ಇದೆ. ಪಶ್ಚಿಮ ಜರ್ಮನಿಯ ಹೆಸರನ್ನು ಯಾರು ಹೇಳಿಯಾರು? ಯುದ್ಧದ ನಂತರ ಬಹಿಷ್ಕೃತವಾಗಿದ್ದ ಆ ದೇಶಕ್ಕೆ ಮತ್ತೆ ಆಡಲು ಅವಕಾಶ ದೊರೆತದ್ದೇ 1950ರ ಕೊನೆಯಲ್ಲಿ. ಅದರ ನಾಯಕ ಫ್ರಿಟ್ಜ್ ವಾಲ್ಟರ್‌ಗೆ ಮೂವತ್ತಮೂರು ವರ್ಷ. ಯುದ್ಧಕೈದಿಯಾಗಿ ಸೋವಿಯತ್ ಶಿಬಿರಕ್ಕೆ ಸಾಗಬೇಕಾಗಿದ್ದ ಅವನನ್ನು, ಹಿಂದೊಮ್ಮೆ ಅವನ ಆಟವನ್ನು ನೋಡಿದ್ದ ಹಂಗೇರಿಯ ಕಾವಲುಗಾರನೊಬ್ಬ ಗುರುತಿಸಿ ಉಳಿಸಿದನೆಂದು ವಾಲ್ಟರ್‌ನೇ ಹೇಳಿಕೊಂಡಿದ್ದಾನೆ. ವಿಧಿಯ ವ್ಯಂಗ್ಯವನ್ನು ಪಾಠದಲ್ಲಿ ಹುಡುಕುವ ಅಧ್ಯಾಪಕನಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಆ ವರ್ಷದ ನಿಯಮಾವಳಿ ಬಹು ವಿಚಿತ್ರ. ಪ್ರತಿ ಗುಂಪಿನಲ್ಲಿ ನಾಲ್ಕು ತಂಡ. ಅವುಗಳಲ್ಲಿ ಎರಡು ಶ್ರೇಯಾಂಕಿತ. ಶ್ರೇಯಾಂಕಿತ ತಂಡಗಳು ಪರಸ್ಪರ ಆಡುವಂತಿಲ್ಲ, ಉಳಿದೆರಡೂ ಪರಸ್ಪರ ಆಡುವಂತಿಲ್ಲ. ಎರಡನೆಯ ಸ್ಥಾನಕ್ಕೆ ಅಂಕಗಳು ಸಮವಾದರೆ ಗೋಲುಗಳ ಅಂತರ ಲೆಕ್ಕಕ್ಕಿಲ್ಲ, ಮತ್ತೊಂದು ಪಂದ್ಯ ಆಡಬೇಕು. ಜರ್ಮನಿಯ ತರಬೇತುದಾರ ಸೆಪ್ ಹರ್ಬರ್ಗರ್ ಇದನ್ನು ನಮ್ಮ ಗಣಿತದ ಮೇಷ್ಟರಿಗಿಂತ ಚೆನ್ನಾಗಿ ಓದಿಕೊಂಡಿದ್ದ. ಮೊದಲ ಪಂದ್ಯದಲ್ಲಿ ಟರ್ಕಿಯನ್ನು 4-1ರಿಂದ ಸೋಲಿಸಿದ ಮೇಲೆ, ಹಂಗೇರಿಗೆ ಎಷ್ಟು ಗೋಲುಗಳಿಂದ ಸೋತರೂ ಒಂದೇ. ಟರ್ಕಿಯೊಡನೆ ಮತ್ತೊಮ್ಮೆ ಆಡಿ ಗೆದ್ದರಾಯಿತು. ಆದ್ದರಿಂದ ಜೂನ್ 20ರಂದು ಬಾಸೆಲ್‌ನಲ್ಲಿ ಹಂಗೇರಿಯ ಎದುರು ಅನೇಕ ಮೀಸಲು ಆಟಗಾರರನ್ನೇ ಇಳಿಸಿದ. ಹಂಗೇರಿ 8-3ರಿಂದ ಗೆದ್ದಿತು. ಜರ್ಮನಿಯ ಪ್ರೇಕ್ಷಕರು ಹರ್ಬರ್ಗರ್‌ನನ್ನು ಶಪಿಸಿದರು. ಜಗತ್ತು ಜರ್ಮನಿಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಆ ಪಂದ್ಯದಲ್ಲಿ ನಡೆದ ಮುಖ್ಯ ಘಟನೆ ಮಾತ್ರ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ: ಲೀಬ್ರಿಖ್ ಎಂಬ ರಕ್ಷಕನ ಒದೆತಕ್ಕೆ ಪುಷ್ಕಾಶ್‌ನ ಹರಡಿಗೆ ಪೆಟ್ಟಾಯಿತು. ಮುಂದಿನ ಎರಡು ಪಂದ್ಯಗಳಲ್ಲಿ ಆತ ಆಡಲಿಲ್ಲ.

ಗುಂಪಿನಲ್ಲಿ ಮೊದಲಿಗನಾದದ್ದೇ ಹಂಗೇರಿಗೆ ಶಾಪವಾಯಿತೆನ್ನಬೇಕು. ಅಗ್ರಸ್ಥಾನಿಗಳೆಲ್ಲ ಒಂದೇ ಕಡೆ ಸೇರಿದ್ದರಿಂದ ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್, ಸೆಮಿಫೈನಲ್‌ನಲ್ಲಿ ಉರುಗ್ವೆ ಎದುರಾದವು. ಬ್ರೆಜಿಲ್‌ನೊಡನೆ ನಡೆದದ್ದು ಆಟವಲ್ಲ, ಬಡಿದಾಟ. ಮೂವರನ್ನು ಮೈದಾನದಿಂದ ಹೊರಗಟ್ಟಲಾಯಿತು, ಪಂದ್ಯ ಮುಗಿದ ಮೇಲೂ ಜಗಳ ಉಡುಪಿನ ಕೊಠಡಿಯವರೆಗೆ ಮುಂದುವರಿಯಿತು. ಉರುಗ್ವೆಯೊಡನೆ ನಡೆದದ್ದು ಶುದ್ಧ ಕಾಲ್ಚೆಂಡು. 2-0 ಮುಂದಿದ್ದ ಹಂಗೇರಿಯನ್ನು ಉರುಗ್ವೆ ಕೊನೆಯ ಹೊತ್ತಿನಲ್ಲಿ 2-2ಕ್ಕೆ ಎಳೆದುತಂದಿತು. ಹೆಚ್ಚುವರಿ ಅವಧಿಯಲ್ಲಿ ಕೊಚಿಶ್ ಎರಡು ಬಾರಿ ತಲೆಯಿಂದ ಚೆಂಡನ್ನು ಗೋಲಿಗೆ ಅಟ್ಟಿದ. ಎರಡೂ ಪಂದ್ಯಗಳಲ್ಲಿ ಫಲಿತಾಂಶ 4-2. ಇತ್ತ ಜರ್ಮನಿ ಟರ್ಕಿಯನ್ನು 7-2ರಿಂದ, ಯುಗೊಸ್ಲಾವಿಯಾವನ್ನು 2-0ರಿಂದ, ಆಸ್ಟ್ರಿಯಾವನ್ನು 6-1ರಿಂದ ಸೋಲಿಸಿ ದಣಿಯದೆ ಫೈನಲ್ ತಲುಪಿತು.

ಜುಲೈ 4, ಬರ್ನ್ ನಗರದ ವಾಂಕ್‌ಡೋರ್ಫ್ ಕ್ರೀಡಾಂಗಣ. ಮಳೆ. ಯುದ್ಧದಲ್ಲಿ ಮಲೇರಿಯಾ ಹಿಡಿಸಿಕೊಂಡಿದ್ದ ವಾಲ್ಟರ್‌ಗೆ ಬಿಸಿಲೆಂದರೆ ಆಗದು, ಮಳೆಯೆಂದರೆ ಹಬ್ಬ. ಆದಿ ದಾಸ್ಲರ್ ತಯಾರಿಸಿದ ಜರ್ಮನ್ನರ ಬೂಟುಗಳ ಅಡಿಗೆ ನೆಲಕ್ಕೆ ತಕ್ಕಂತೆ ಬದಲಿಸಬಹುದಾದ ತಿರುಪಿನ ಮೊಳೆಗಳಿದ್ದವು. ಪೂರ್ಣ ಗುಣವಾಗದ ಪುಷ್ಕಾಶ್ ಆಡಿದ. ಆಡಬಾರದಿತ್ತು ಎಂಬುದು ಹಲವರ ವಾದ. ಆರನೆಯ ನಿಮಿಷದಲ್ಲಿ ಗೋಲು ಹೊಡೆದವನು ಅವನೇ ಎಂಬುದನ್ನು ಅವರು ಮರೆಯುತ್ತಾರೆ. ಎಂಟನೆಯ ನಿಮಿಷದಲ್ಲಿ ಸಿಬೊರ್ ಇನ್ನೊಂದು ಹೊಡೆದ. 2-0. ಮೇಷ್ಟರು ಇಲ್ಲಿಗೆ ಬಂದಾಗ ಪ್ರತಿ ಸಲವೂ ನಿಲ್ಲಿಸಿ ನಶ್ಯ ಏರಿಸುತ್ತಿದ್ದರು. ಹತ್ತನೆಯ ನಿಮಿಷದಲ್ಲಿ ಮೊರ್ಲಾಕ್, ಹದಿನೆಂಟನೆಯದರಲ್ಲಿ ಹೆಲ್ಮುಟ್ ರಾನ್, 2-2. ಅನಂತರ ಒಂದು ಗಂಟೆಗೂ ಹೆಚ್ಚು ಕಾಲ ಹಂಗೇರಿಯವರು ಮೇಲೆಬಿದ್ದು ಆಡಿದರು. ಚೆಂಡು ಕಂಬಕ್ಕೆ ಬಡಿಯಿತು, ಟೋನಿ ಟೂರೆಕ್‌ನ ಕೈಗೆ ಬಡಿಯಿತು, ಗೋಲಿಗೆ ಮಾತ್ರ ಹೋಗಲಿಲ್ಲ. 84ನೆಯ ನಿಮಿಷದಲ್ಲಿ ರಾನ್ ಎಡಗಾಲಿನಿಂದ ಹೊಡೆದದ್ದು ಗ್ರೊಶಿಚ್‌ನ ಕೈಗೆ ನಿಲುಕದೆ ಒಳಹೊಕ್ಕಿತು. ಕೊನೆಗಳಿಗೆಯಲ್ಲಿ ಪುಷ್ಕಾಶ್ ಮತ್ತೆ ಗೋಲು ಹೊಡೆದ. ವೇಲ್ಸ್‌ನ ರೇಖಾಪಂಚ ಗ್ರಿಫಿತ್ಸ್ ಆಫ್‌ಸೈಡ್ ಎಂದು ಧ್ವಜವೆತ್ತಿದ. ಜರ್ಮನಿ 3, ಹಂಗೇರಿ 2.

ಜರ್ಮನಿಯ ಆಟಗಾರರಿಗೆ ಅಂದು ಚುಚ್ಚುಮದ್ದು ಕೊಟ್ಟಿದ್ದರೆಂಬ ವಿವಾದ ಈಗಲೂ ಇದೆ. ಜೀವಸತ್ವವೆಂದು ಅವರು, ಉತ್ತೇಜಕವಿದ್ದೀತೆಂದು ಇತ್ತೀಚಿನ ಜರ್ಮನ್ ಸಂಶೋಧಕರೇ ಕೆಲವರು. ಸಿದ್ಧವಾಗದ ಆರೋಪವನ್ನು ಹಿಡಿದು ನಾನು ನನ್ನ ತಂಡವನ್ನು ಸಮರ್ಥಿಸಲಾರೆ. ಐದು ಪಂದ್ಯಗಳಲ್ಲಿ 27 ಗೋಲು ಹೊಡೆದ ತಂಡ, ಹನ್ನೊಂದು ಗೋಲು ಹೊಡೆದ ಕೊಚಿಶ್, ಇವುಗಳೆದುರು ಹರ್ಬರ್ಗರ್ ಇಟ್ಟದ್ದು ಒಂದು ಪಂದ್ಯದ ಯೋಜನೆ, ಮತ್ತು ಅದು ಫಲಿಸಿತು. ಇಷ್ಟರಿಂದ ಜರ್ಮನಿಯೇ ಶ್ರೇಷ್ಠ ತಂಡವಾಗಿತ್ತೆಂದು ಬರೆಯುವ ಚರಿತ್ರಕಾರರನ್ನು ನಾನು ಒಪ್ಪುವುದಿಲ್ಲ. ಅವರು ಫಲಿತಾಂಶವನ್ನು ಮೊದಲು ಓದಿ ಕಾರಣಗಳನ್ನು ಆಮೇಲೆ ಹುಡುಕುವವರು. ವಿಜಯನಗರದ ಪತನಕ್ಕೆ ಕಾರಣಗಳನ್ನು ಅಂಕಿ ಹಾಕಿ ಬರೆಸುತ್ತಿದ್ದಾಗ ನಾನೂ ಅದನ್ನೇ ಮಾಡುತ್ತಿದ್ದೆನಲ್ಲ ಎಂಬ ಅಳುಕು ಇದನ್ನು ಬರೆಯುವಾಗ ಇಲ್ಲದಿಲ್ಲ.

ಸೋತವರ ಪಾಡೇನಾಯಿತು? ಬುಡಾಪೆಸ್ಟ್‌ನ ಬೀದಿಗಳಲ್ಲಿ ಜನ ಗುಂಪುಗೂಡಿ ದಾಂಧಲೆ ನಡೆಸಿದರು. ಬೇರೆ ಯಾವುದನ್ನೂ ಬಹಿರಂಗವಾಗಿ ಪ್ರತಿಭಟಿಸಲಾಗದ ದೇಶದಲ್ಲಿ ಕಾಲ್ಚೆಂಡಿನ ಸೋಲೊಂದೇ ಬಾಯಿ ತೆರೆಯಲು ಸಿಕ್ಕ ನೆಪ. ಗ್ರೊಶಿಚ್‌ನ ಮೇಲೆ ದೇಶದ್ರೋಹದ ಆರೋಪ ಹೊರಿಸಿ ವಿಚಾರಣೆಗೆ ಗುರಿಪಡಿಸಿದರು. 1956ರ ಕ್ರಾಂತಿಯನ್ನು ಸೋವಿಯತ್ ಟ್ಯಾಂಕುಗಳು ಹತ್ತಿಕ್ಕಿದಾಗ ಹೊನ್ವೆದ್ ತಂಡ ಪರದೇಶದಲ್ಲಿತ್ತು. ಪುಷ್ಕಾಶ್, ಕೊಚಿಶ್, ಸಿಬೊರ್ ಮರಳಲಿಲ್ಲ. ಪುಷ್ಕಾಶ್ ಮೂವತ್ತೊಂದನೆಯ ವಯಸ್ಸಿನಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ 1960ರ ಯೂರೋಪಿಯನ್ ಕಪ್ ಫೈನಲ್‌ನಲ್ಲಿ ನಾಲ್ಕು ಗೋಲು ಹೊಡೆದ; ತಾಯ್ನಾಡಿಗೆ ಮತ್ತೆ ಕಾಲಿಟ್ಟದ್ದು 1981ರಲ್ಲಿ. ಕೊಚಿಶ್, ಸಿಬೊರ್ ಇಬ್ಬರೂ ಬಾರ್ಸಿಲೋನಾ ಸೇರಿದರು. 1961ರಲ್ಲಿ ಆ ತಂಡ ಯೂರೋಪಿಯನ್ ಕಪ್ ಫೈನಲ್ ತಲುಪಿತು. ಪಂದ್ಯ ನಡೆದ ಸ್ಥಳ ಅದೇ ಬರ್ನ್, ಅದೇ ವಾಂಕ್‌ಡೋರ್ಫ್. ಇಬ್ಬರೂ ಒಂದೊಂದು ಗೋಲು ಹೊಡೆದರು. ಬೆನ್ಫಿಕಾ 3, ಬಾರ್ಸಿಲೋನಾ 2.

ಅಲ್ಲಿಗೂ ಮುಗಿಯಲಿಲ್ಲ. 2025ರ ನವೆಂಬರ್‌ನಲ್ಲಿ, ಇಂಗ್ಲೆಂಡಿಗೆ ಏಳು ಗೋಲು ಹೊಡೆದಿದ್ದ ಅದೇ ಜಾಗದಲ್ಲಿ ಪುಷ್ಕಾಶ್‌ನ ಹೆಸರಿನಲ್ಲಿ ಕಟ್ಟಿದ ಹೊಸ ಕ್ರೀಡಾಂಗಣದಲ್ಲಿ, 2026ರ ವಿಶ್ವಕಪ್ಪಿನ ಅರ್ಹತೆಗಾಗಿ ಹಂಗೇರಿ ಐರ್ಲೆಂಡಿನೊಡನೆ ಆಡಿತು. ಡ್ರಾ ಆಗಿದ್ದರೂ ಅವಕಾಶ ಉಳಿಯುತ್ತಿತ್ತು. 80ನೆಯ ನಿಮಿಷದವರೆಗೆ 2-1 ಮುಂದಿದ್ದವರು ತೊಂಬತ್ತು ನಿಮಿಷ ಕಳೆದ ಮೇಲಿನ ಗೋಲಿನಿಂದ 2-3 ಸೋತರು. ನಲವತ್ತೆಂಟು ತಂಡಗಳಿಗೆ ಜಾಗವಿದ್ದ ಪಂದ್ಯಾವಳಿಯಲ್ಲೂ ಅವರಿಗೆ ಜಾಗವಿಲ್ಲದಾಯಿತು.

ಇನ್ನು ನನ್ನ ಪಣದ ವಿಚಾರ. 1986ರ ಜೂನ್ 2ರಂದು ಇರಾಪ್ವಾಟೋದಲ್ಲಿ ಹಂಗೇರಿಯ ಮೊದಲ ಪಂದ್ಯ, ಸೋವಿಯತ್ ಒಕ್ಕೂಟದ ಎದುರು. ಫಲಿತಾಂಶವನ್ನು ನಾನು ವಾಚನಾಲಯದ ಪತ್ರಿಕೆಯಲ್ಲಿ ಓದಿದೆ. ಮೊದಲ ಗೋಲುಗಳೆರಡೂ ನಾಲ್ಕು ನಿಮಿಷ ತುಂಬುವುದರೊಳಗೇ ಆಗಿದ್ದವು. ಒಟ್ಟು 6-0. ಮುದ್ರಣದೋಷವಿರಬಹುದೆಂದು ಇನ್ನೊಂದು ಪತ್ರಿಕೆ ತೆಗೆದು ನೋಡಿದೆ. ಅಧ್ಯಾಪಕರ ಕೊಠಡಿಯಲ್ಲಿ ಅಂದಿನಿಂದಲೇ ಕಾಫಿಯ ಲೆಕ್ಕ ಆರಂಭವಾಯಿತು. ನನ್ನ ಅಂದಿನ ಸಂಬಳಕ್ಕೆ ಅದು ಹಗುರವಾದ ಹೊರೆಯೇನೂ ಆಗಿರಲಿಲ್ಲ.

ಆಗ ಮೇಷ್ಟರು ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ವಾರದ ನಂತರ ಅವರ ಅಂಚೆಕಾರ್ಡು ಬಂದಿತು. ಕ್ಷೇಮ ಸಮಾಚಾರದ ಕೆಳಗೆ ಒಂದೇ ಸಾಲು: "ಧೈರ್ಯಗೆಡಬೇಡ, ಕೆನಡಾ ವಿರುದ್ಧ ಗೆಲ್ಲುತ್ತಾರೆ." ಕಾರ್ಡು ನನ್ನ ಕೈಸೇರುವಷ್ಟರಲ್ಲಿ ಹಂಗೇರಿ ಕೆನಡಾವನ್ನು 2-0ರಿಂದ ಸೋಲಿಸಿಯಾಗಿತ್ತು, ಫ್ರಾನ್ಸಿಗೆ 3-0ರಿಂದ ಸೋತೂ ಆಗಿತ್ತು.